ನೀನು ಕೂತ್ಕೋ, ಸ್ಕೋರ್ ಬರಿ

ನನ್ನ ಗೆಳತಿಯ ಹತ್ತಿರ ಒಂದು ಹಳೇ ನೋಟ್‌ಬುಕ್ ಇದೆ. ರಟ್ಟು ಮಾಸಿದೆ, ಮೂಲೆಗಳು ಮಡಚಿ ಹೋಗಿವೆ. ಒಳಗೆ ಪುಟಗಟ್ಟಲೆ ಗೆರೆ ಎಳೆದು ಅಂಕ ಬರೆದಿದ್ದಾಳೆ. ಖೋಖೋ, ಥ್ರೋಬಾಲ್, ಕಬಡ್ಡಿ. ಯಾವ ದಿನ ಯಾವ ತಂಡ ಗೆದ್ದಿತು, ಯಾರು ಎಷ್ಟು ಪಾಯಿಂಟ್ ತಂದರು, ಎಲ್ಲಾ ಇದೆ. ಆರನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನವರೆಗೆ ಅವಳ ತರಗತಿ ಆಡಿದ ಆಟಗಳ ಲೆಕ್ಕ ಅದು. ತರಗತಿಯ ಎಲ್ಲರ ಹೆಸರೂ ಒಳಗಿನ ಪುಟಗಳಲ್ಲಿವೆ. ಅವಳ ಹೆಸರು ಮಾತ್ರ ರಟ್ಟಿನ ಮೇಲಿದೆ.

ನಾಲ್ಕು ವರ್ಷದವಳಿದ್ದಾಗ ಒಂದು ಅಪಘಾತದಲ್ಲಿ ಅವಳ ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಜೈಪುರ ಕಾಲು ಎನ್ನುವ ಕೃತಕ ಕಾಲು ಹಾಕಿಕೊಂಡು ಶಾಲೆಗೆ ಬರುತ್ತಿದ್ದಳು. ಮನೆಯಿಂದ ಒಂದೂವರೆ ಕಿಲೋಮೀಟರ್, ದಿನಾ ನಡೆದೇ. ಆದರೆ ಪಿ.ಟಿ. ಪೀರಿಯಡ್ ಬಂತೆಂದರೆ ಮೇಷ್ಟ್ರು ಪ್ರೀತಿಯಿಂದಲೇ ಹೇಳುತ್ತಿದ್ದರಂತೆ, "ನಿಂಗ್ಯಾಕಮ್ಮ ಕಷ್ಟ. ನೀನು ಕೂತ್ಕೋ, ಸ್ಕೋರ್ ಬರಿ."

ಅವಳಿಗೆ ಆ ಮೇಷ್ಟ್ರ ಮೇಲೆ ಇವತ್ತಿಗೂ ಸಿಟ್ಟಿಲ್ಲ. ಬಿಸಿಲು ಬೀಳಬಾರದು ಎಂದು ಮರದ ಕೆಳಗೆ ಅವಳಿಗಾಗಿ ಬೆಂಚು ಹಾಕಿಸುತ್ತಿದ್ದರಂತೆ. ಕುಡಿಯೋಕೆ ನೀರು ಕಳಿಸುತ್ತಿದ್ದರಂತೆ. ಅದಕ್ಕೇ ಐದು ವರ್ಷ ಅವಳಿಗೆ ಬಾಯಿ ಬಿಡೋಕೆ ಆಗಲಿಲ್ಲ. ಬೈದವರಿಗಾದರೆ ಎದುರು ಮಾತಾಡಬಹುದು. ನೀರು ಕೊಟ್ಟವರಿಗೆ ಏನಂತ ಹೇಳೋದು?

ನಾವಿಬ್ಬರೂ ಶಿವಮೊಗ್ಗದಲ್ಲಿ ಬಿ.ಎಡ್. ಓದುವಾಗ ಒಂದೇ ಬೆಂಚಿನಲ್ಲಿ ಕೂರುತ್ತಿದ್ದೆವು. ಎರಡನೇ ವರ್ಷ ಸಮನ್ವಯ ಶಿಕ್ಷಣ ಎಂಬ ವಿಷಯ ಇತ್ತು. ಅಂಗವಿಕಲ ಮಕ್ಕಳಿಗೆ ಎಲ್ಲರ ಜೊತೆಯಲ್ಲೇ ಕೂರಿಸಿ ಕಲಿಸುವುದು ಹೇಗೆ ಎನ್ನುವ ಪಾಠ. 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯಗಳಿದ್ದವು, 2016ರ ಕಾಯ್ದೆಯಲ್ಲಿ 21 ಆದವು. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕೂ ಜಾಸ್ತಿ ಅಂಗವಿಕಲರಿದ್ದಾರೆ. ಇದನ್ನೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆವು. ಆ ಸಂಖ್ಯೆಯಲ್ಲಿ ಒಬ್ಬಳು ಪಕ್ಕದಲ್ಲೇ ಕೂತಿದ್ದಾಳೆ ಎಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ. ಅವಳು ಸೀರೆ ಉಡುತ್ತಿದ್ದಳು, ನಡಿಗೆ ಸ್ವಲ್ಪ ವಾಲುತ್ತಿತ್ತು, ಅಷ್ಟೇ.

ಡಿಸೆಂಬರ್ 3 ವಿಶ್ವ ಅಂಗವಿಕಲರ ದಿನ. ಆ ವಾರ ಪ್ರತಿ ಗುಂಪೂ ಒಂದೊಂದು ಪ್ರಾಜೆಕ್ಟ್ ಮಾಡಿ ಸಹಪಾಠಿಗಳ ಮುಂದೆ ಇಡಬೇಕಿತ್ತು. ನಮ್ಮದು ಆರು ಜನರ ಗುಂಪು. ನಮಗೆ ಬಂದ ವಿಷಯ ಕ್ರೀಡೆ. ಎಲ್ಲರ ತಲೆಗೂ ಮೊದಲು ಬಂದಿದ್ದು ಚಾರ್ಟ್. ಮಾಲತಿ ಹೊಳ್ಳ, ಗಿರೀಶ, ಶೇಖರ್ ನಾಯ್ಕ್, ಸುಹಾಸ್ ಯತಿರಾಜ್, ನಾಲ್ವರೂ ಹೆಸರು ಮಾಡಿದ ಅಂಗವಿಕಲ ಕ್ರೀಡಾಪಟುಗಳು. ನಾಲ್ಕು ಫೋಟೋ ಅಂಟಿಸಿ, ಕೆಳಗೆ ಪದಕಗಳ ಪಟ್ಟಿ ಬರೆದು, ಮೇಲೆ ದಪ್ಪ ಅಕ್ಷರದಲ್ಲಿ "ಸಾಧನೆಗೆ ಅಡ್ಡಿಯಿಲ್ಲ" ಎಂದು ಬರೆಯೋಣ ಎಂದುಕೊಂಡೆವು. ಗಿರೀಶರ ಫೋಟೋ ಸಿಗುತ್ತಾ ಎಂದು ನಾನು ಮೊಬೈಲಲ್ಲಿ ಹುಡುಕುತ್ತಿದ್ದೆ.

"ನನ್ನ ಹತ್ರ ಇದೆ," ಎಂದಳು ಅವಳು. ಮರುದಿನ ಆ ನೋಟ್‌ಬುಕ್ ತಂದಳು. ನಾನು ಅದನ್ನು ನೋಡಿದ್ದು ಆಗಲೇ.

ಒಂದು ಪುಟದಲ್ಲಿ ಪೇಪರಿನ ಚಿತ್ರ ಕತ್ತರಿಸಿ ಅಂಟಿಸಿದ್ದಳು. 2012ರ ಸೆಪ್ಟೆಂಬರ್. ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ 1.74 ಮೀಟರ್ ಎತ್ತರ ಜಿಗಿದು ಬೆಳ್ಳಿ ಗೆದ್ದಿದ್ದರು. ಆ ಕೂಟದಲ್ಲಿ ಭಾರತಕ್ಕೆ ಬಂದ ಪದಕ ಅದೊಂದೇ. ಅವಳಿಗೆ ಆಗ ಹನ್ನೆರಡು ವರ್ಷ. ಬೆಳಿಗ್ಗೆ ಪ್ರಾರ್ಥನೆಯಲ್ಲಿ ಮೇಷ್ಟ್ರು ಪೇಪರ್ ಹಿಡಿದು ಸುದ್ದಿ ಓದಿದರಂತೆ. ಎಲ್ಲರೂ ಚಪ್ಪಾಳೆ ಹೊಡೆದರಂತೆ. ಕೆಲವರು ತಿರುಗಿ ಅವಳನ್ನು ನೋಡಿದರಂತೆ. "ಅವತ್ತು ನನಗೂ ಜಿಗೀಬೇಕು ಅನ್ನಿಸ್ತು ಕಣೆ," ಎಂದಳು. "ಮಧ್ಯಾಹ್ನ ಪಿ.ಟಿ. ಇತ್ತು. ಹೈಜಂಪ್ ಮರಳು ಹದ ಮಾಡಿದ್ರು. ನಾನು ಹೋಗಿ ಸಾಲಲ್ಲಿ ನಿಂತೆ. ಮೇಷ್ಟ್ರು ಬಂದು ಕೈ ಹಿಡ್ಕೊಂಡು ಬೆಂಚಿಗೆ ಕರ್ಕೊಂಡು ಹೋದ್ರು."

ಚಿತ್ರದ ಎದುರಿನ ಪುಟದಲ್ಲಿ ಆ ದಿನದ ಹೈಜಂಪ್ ಲೆಕ್ಕ ಇತ್ತು. ಹದಿನೇಳು ಹೆಸರು, ಹದಿನೇಳು ಎತ್ತರ.

ಆಮೇಲೆ ಚಾರ್ಟಿನ ಮಾತು ನಮ್ಮಲ್ಲಿ ಯಾರೂ ಎತ್ತಲಿಲ್ಲ. ಆ ಸಾಧಕರ ಬಗ್ಗೆ ನನಗಿರುವ ಗೌರವ ಕಡಿಮೆಯಾಗಿಲ್ಲ. ಮಾಲತಿ ಹೊಳ್ಳ ಮಗುವಾಗಿದ್ದಾಗಲೇ ಪೋಲಿಯೊ ತಗುಲಿಯೂ ದೇಶಕ್ಕಾಗಿ ಆಡಿದವರು, 2001ರಲ್ಲಿ ಪದ್ಮಶ್ರೀ ಬಂತು. ಅಂಥವರ ಕಥೆ ಮಕ್ಕಳಿಗೆ ಹೇಳಲೇಬೇಕು. ಆದರೆ ಗಿರೀಶರಿಗೆ ಚಪ್ಪಾಳೆ ಹೊಡೆದ ಶಾಲೆಯೇ ಅದೇ ಮಧ್ಯಾಹ್ನ ಒಂದು ಹುಡುಗಿಯನ್ನು ಸಾಲಿನಿಂದ ಹೊರಗೆ ಕರೆದುಕೊಂಡು ಹೋಯಿತು. ಎರಡೂ ಒಂದೇ ಮನಸ್ಸಿನಿಂದ ಬಂದವು. ಇದು ನನ್ನನ್ನು ಬಹಳ ದಿನ ಕಾಡಿತು.

"ಓದಿಸೋದು ಬೇಡ, ಆಡಿಸೋಣ," ಎಂದು ತೀರ್ಮಾನ ಮಾಡಿದೆವು.

ಏನು ಆಡಿಸೋದು? ಮೊದಲು ವೀಲ್‌ಚೇರ್ ಬಾಸ್ಕೆಟ್‌ಬಾಲ್ ಎಂದುಕೊಂಡೆವು. ಅದರಲ್ಲೂ ಬುಟ್ಟಿಯ ಎತ್ತರ ಅದೇ 10 ಅಡಿ, ಒಂದಿಂಚೂ ಇಳಿಸುವುದಿಲ್ಲ. ಆದರೆ ಆ ಆಟದ ಕುರ್ಚಿಯೇ ಬೇರೆ. ಚಕ್ರಗಳು ಕೆಳಗಡೆ ಅಗಲವಾಗಿ ವಾಲಿಕೊಂಡಿರುತ್ತವೆ, ಗಕ್ಕನೆ ತಿರುಗಿದರೂ ಕುರ್ಚಿ ಮಗುಚಬಾರದು ಎಂದು. ಆಸ್ಪತ್ರೆಯ ವೀಲ್‌ಚೇರ್ ತಂದು ಆಡಿಸಿದರೆ ಯಾರಾದರೂ ಬಿದ್ದಾರು. ಬಿಟ್ಟೆವು.

ಆಮೇಲೆ ಗುಂಪಿನಲ್ಲಿ ಒಬ್ಬರು ಹೇಳಿದರು, ಎಲ್ಲರಿಗೂ ಕಣ್ಣು ಕಟ್ಟಿ ಕಾಲೇಜು ಸುತ್ತ ಒಂದು ಸುತ್ತು ನಡೆಸೋಣ, ಆಗ ಕುರುಡರ ಕಷ್ಟ ಗೊತ್ತಾಗುತ್ತೆ ಅಂತ. ನನಗೂ ಅದು ಒಳ್ಳೇ ಯೋಚನೆ ಅನ್ನಿಸಿತ್ತು. ಗುಂಪಿನ ಹುಡುಗನೊಬ್ಬನಿಗೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರ ಪರಿಚಯ ಇತ್ತು. ಅವರಿಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಅಂಧರ ಶಾಲೆಯಲ್ಲಿ ಓದುವಾಗ ಕ್ರಿಕೆಟ್ ಆಡಿದವರು. ಅವರನ್ನು ಕೇಳೋಣ ಎಂದು ಸಂಜೆ ಅವರ ಮನೆಗೆ ಹೋದೆವು. ಅವರ ಹೆಂಡತಿ ಚಹಾ ಕೊಟ್ಟರು. ಸರ್ ನಮ್ಮ ಮಾತನ್ನು ಪೂರ್ತಿ ಕೇಳಿಸಿಕೊಂಡರು.

"ಕಣ್ಣು ಕಟ್ಟಿ ನಡೆಸಿದ್ರೆ ಏನು ಗೊತ್ತಾಗುತ್ತೆ?" ಎಂದು ಕೇಳಿದರು.

"ನಿಮ್ಮ ಕಷ್ಟ, ಸರ್."

"ನಾನು ಈ ಮನೇಲಿ ತಡವರಿಸಲ್ಲ ಅಲ್ವಾ? ನೀವು ಬಾಗಿಲಿಗೆ ಬಂದಾಗ ನಾನೇ ಎದ್ದು ಬಂದು ಚಿಲಕ ತೆಗೆದೆ. ನನಗೆ ನಲವತ್ತು ವರ್ಷದ ಅಭ್ಯಾಸ ಇದೆ. ನಿಮ್ಮ ಸ್ನೇಹಿತರಿಗೆ ಐದು ನಿಮಿಷದ್ದು. ಅವರಿಗೆ ಆಗೋದು ಗಾಬರಿ. ಆ ಗಾಬರಿನೇ ನಮ್ಮ ಜೀವನ ಅಂದ್ಕೊಂಡು ಮನೆಗೆ ಹೋಗ್ತಾರೆ. ನಾಳೆ ನಾನು ರಸ್ತೇಲಿ ಸಿಕ್ಕಿದ್ರೆ ಅಯ್ಯೋ ಪಾಪ ಅಂತ ಕೈ ಹಿಡೀತಾರೆ."

ನಾವು ಸುಮ್ನೆ ಕೂತಿದ್ದೆವು. ಅವರು ಎದ್ದು ಒಳಗೆ ಹೋಗಿ ಒಂದು ಬಿಳೀ ಚೆಂಡು ತಂದು ನನ್ನ ಕೈಗೆ ಕೊಟ್ಟರು. ಗಟ್ಟಿ ಪ್ಲಾಸ್ಟಿಕ್. ಅಲ್ಲಾಡಿಸಿದರೆ ಒಳಗೆ ಗಲಗಲ ಸದ್ದು. ಒಳಗೆ ಬೇರಿಂಗ್ ಗುಂಡುಗಳಿದ್ದವು.

"ಆಟ ಕಲಿಯೋಕೆ ಕಣ್ಣು ಕಟ್ಟಿ, ಬೇಡ ಅನ್ನಲ್ಲ. ನಮ್ಮಲ್ಲೂ ಪೂರ್ತಿ ಕಾಣದವರು ಆಡುವಾಗ ಕಣ್ಣಿಗೆ ಪಟ್ಟಿ ಹಾಕ್ತಾರೆ, ಎಲ್ಲರಿಗೂ ಒಂದೇ ಥರ ಇರಲಿ ಅಂತ. ನಾನೇ ಬರ್ತೀನಿ. ನಾನು ಕಲಿಸ್ತೀನಿ, ನೀವು ಕಲೀರಿ."

ಅಂದರೆ ಅವತ್ತು ಅವರು ನಮ್ಮ ಮೇಷ್ಟ್ರಾಗಿ ಬರುತ್ತಾರೆ. ನಾವು ನೋಡಿ ಮರುಗುವ ವಸ್ತುವಾಗಿ ಬರುವುದಿಲ್ಲ. ಇಡೀ ಪ್ರಾಜೆಕ್ಟಿನ ದಿಕ್ಕು ಆ ಚಹಾ ಕುಡಿಯುವಷ್ಟರಲ್ಲಿ ಬದಲಾಯಿತು.

ಎರಡು ಆಟ ಇಟ್ಟುಕೊಂಡೆವು. ಸರ್ ಕಲಿಸುವ ಅಂಧರ ಕ್ರಿಕೆಟ್ ಒಂದು, ಕೂತು ಆಡುವ ವಾಲಿಬಾಲ್ ಇನ್ನೊಂದು. ಹೊತ್ತಿದ್ದರೆ ಓಟ. ಶನಿವಾರ ಬೆಳಿಗ್ಗೆ, ಕಾಲೇಜಿನ ಮೈದಾನದಲ್ಲಿ.

ಕ್ರಿಕೆಟ್ ಶುರುವಾದಾಗ ನಮ್ಮ ಕ್ಲಾಸಿನ ಹುಡುಗರ ಉತ್ಸಾಹ ನೋಡಬೇಕಿತ್ತು. ನಾಲ್ಕೈದು ಜನ ತಾಲ್ಲೂಕು ಮಟ್ಟದಲ್ಲಿ ಆಡಿದವರು. ಸರ್ ಮೊದಲು ನಿಯಮ ಹೇಳಿದರು. ಕೈ ಮೇಲೆತ್ತಿ ಎಸೆಯುವ ಹಾಗಿಲ್ಲ, ಕೆಳಗಿನಿಂದಲೇ ಎಸೆಯಬೇಕು. ಚೆಂಡು ಪಿಚ್‌ನ ನಡುಗೆರೆ ದಾಟುವ ಮೊದಲೇ ನೆಲಕ್ಕೆ ಬಡಿಯಬೇಕು, ಬ್ಯಾಟ್ಸ್‌ಮನ್‌ಗೆ ಸದ್ದು ಸಿಗಬೇಕಲ್ಲ. ಎಸೆಯುವ ಮುಂಚೆ "ರೆಡಿ?" ಎಂದು ಕೇಳಬೇಕು. ಬ್ಯಾಟ್ಸ್‌ಮನ್ "ಯೆಸ್" ಅನ್ನಬೇಕು. ಎಸೆಯುವಾಗ "ಪ್ಲೇ" ಎಂದು ಕೂಗಬೇಕು. ಸ್ಟಂಪ್ ಲೋಹದ್ದು, ಬಡಿದರೆ ಟಣ್ ಅನ್ನುತ್ತೆ.

ತಂಡದಲ್ಲಿ ಹನ್ನೊಂದು ಜನ. ಅದರಲ್ಲಿ ಕನಿಷ್ಠ ನಾಲ್ಕು ಜನ ಬಿ1, ಅಂದರೆ ಪೂರ್ತಿ ಕಾಣದವರು. ಉಳಿದವರು ಬಿ2, ಬಿ3, ಸ್ವಲ್ಪ ಸ್ವಲ್ಪ ಕಾಣುವವರು. ಬಿ1 ಆಟಗಾರ ಹೊಡೆದ ಒಂದು ರನ್ ಎರಡಾಗಿ ಲೆಕ್ಕಕ್ಕೆ ಬರುತ್ತೆ. ಅವನು ಒಂದು ಪುಟ ಬಿದ್ದ ಚೆಂಡು ಹಿಡಿದರೂ ಕ್ಯಾಚ್.

ಇದಕ್ಕೆ ನಮ್ಮ ಕ್ಲಾಸಿನವನೊಬ್ಬ ಕೈ ಎತ್ತಿದ. "ಸರ್, ಒಂದಕ್ಕೆ ಎರಡು ಅಂದ್ರೆ ಅನ್ಯಾಯ ಆಗಲ್ವಾ?" ಅವನಿಗೆ ಕುಚೋದ್ಯ ಇರಲಿಲ್ಲ, ನಿಜವಾಗಿ ಕೇಳಿದ್ದ.

ಸರ್ ತಿರುಗಿ ಕೇಳಿದರು, "ಶಾಲೆ ಕಬಡ್ಡೀಲಿ ತೂಕ ಯಾಕೆ ನೋಡ್ತಾರೆ? ಹುಡುಗಿಯರ ವಾಲಿಬಾಲ್ ನೆಟ್ ಯಾಕೆ ಕೆಳಗಿರುತ್ತೆ?"

ಹುಡುಗ ಉತ್ತರ ಹೇಳಲಿಲ್ಲ. ನಾನೂ ಯೋಚಿಸಿದೆ. ಗಂಡಸರ ವಾಲಿಬಾಲ್ ನೆಟ್ 2.43 ಮೀಟರ್, ಹೆಂಗಸರದು 2.24. ಹೆಂಗಸರ ಕ್ರಿಕೆಟ್ ಚೆಂಡೂ ತೂಕದಲ್ಲಿ ಸ್ವಲ್ಪ ಕಡಿಮೆ. ಇದನ್ನು ಯಾರೂ ರಿಯಾಯಿತಿ ಅನ್ನುವುದಿಲ್ಲ, ಆಟ ಅನ್ನುತ್ತಾರೆ. ಯಾರೋ ಒಂದಷ್ಟು ಜನ ಕೂತು, ಆಡುವವರ ಮೈ ನೋಡಿ, ಅಳತೆ ಇಟ್ಟರು. ಇನ್ನೊಂದಷ್ಟು ಜನರ ಮೈಯನ್ನು ಆಗ ನೋಡಲಿಲ್ಲ. ನೋಡಿದ್ದರೆ ಅಳತೆ ಬೇರೆ ಇರುತ್ತಿತ್ತು.

ತಾಲ್ಲೂಕು ಮಟ್ಟದ ಹುಡುಗ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬ್ಯಾಟ್ ಹಿಡಿದ. ಸರ್ ಬೌಲಿಂಗ್. ಹಿಂದೆ ನಿಂತ ಕೀಪರ್ ಚಪ್ಪಾಳೆ ತಟ್ಟಿ ಸ್ಟಂಪ್ ಎಲ್ಲಿದೆ ಎಂದು ತಿಳಿಸಿದ. "ರೆಡಿ?" "ಯೆಸ್ ಸರ್." "ಪ್ಲೇ!" ಚೆಂಡು ನೆಲಕ್ಕೆ ಉಜ್ಜಿಕೊಂಡು ಗಲಗಲ ಎನ್ನುತ್ತಾ ಬಂತು. ಅವನು ಬ್ಯಾಟ್ ಬೀಸುವ ಮೊದಲೇ ಟಣ್ ಎಂದಿತು. ಮೂರು ಚೆಂಡು, ಮೂರು ಸಲ ಬೌಲ್ಡ್. ನಾಲ್ಕನೆಯದಕ್ಕೆ ಸರ್ ಹತ್ತಿರ ಬಂದು ಅವನ ಭುಜ ಹಿಡಿದು ಮಂಡಿಯೂರಿಸಿದರು. "ನಿಂತು ಹೊಡೀಬೇಡ. ಕೆಳಗೆ ಕೂತು ಸ್ವೀಪ್ ಮಾಡು. ಚೆಂಡು ನೆಲದಲ್ಲಿ ಬರ್ತಿರುವಾಗ ಬ್ಯಾಟ್ ಯಾಕೆ ಗಾಳೀಲಿ?" ನಾಲ್ಕನೆಯದು ಬ್ಯಾಟಿಗೆ ತಾಗಿತು. ಅವನ ಮುಖದಲ್ಲಿ ಬಂದ ಖುಷಿ ಪಾಠ ಕಲಿತ ವಿದ್ಯಾರ್ಥಿಯದು.

ನಾವು ಎಲ್ಲರೂ ಹೋ ಎಂದು ಕಿರುಚಿದೆವು. ಸರ್ ಕೈ ಎತ್ತಿ ನಿಲ್ಲಿಸಿದರು. "ಕೂಗೋದು ರನ್ ಆದ್ಮೇಲೆ. ಚೆಂಡು ಓಡುವಾಗ ಕೂಗಿದ್ರೆ ಫೀಲ್ಡರ್‌ಗೆ ಏನೂ ಕೇಳಲ್ಲ." ಆಮೇಲೆ ಅರುವತ್ತು ಜನ ಉಸಿರು ಬಿಗಿಹಿಡಿದು ನಿಂತು ಒಂದು ಚೆಂಡಿನ ಸದ್ದು ಕೇಳಿದೆವು. ನಾನು ಎಷ್ಟೋ ಮ್ಯಾಚ್ ನೋಡಿದ್ದೇನೆ. ಕ್ರಿಕೆಟ್ ಕೇಳಿದ್ದು ಅವತ್ತೇ ಮೊದಲು.

ಬಿಡುವಿನಲ್ಲಿ ಸರ್ 2012ರ ಮಾತು ತೆಗೆದರು. ಅಂಧರ ಮೊದಲ ಟಿ20 ವಿಶ್ವಕಪ್ ಬೆಂಗಳೂರಿನಲ್ಲೇ ನಡೆಯಿತು. ಫೈನಲ್‌ನಲ್ಲಿ ಭಾರತ ಪಾಕಿಸ್ತಾನವನ್ನು ಸೋಲಿಸಿತು. ಭಾರತದ ನಾಯಕ ಶೇಖರ್ ನಾಯ್ಕ್, ನಮ್ಮ ಶಿವಮೊಗ್ಗ ಜಿಲ್ಲೆಯವರು, ಇಲ್ಲಿಯ ಅಂಧರ ಶಾಲೆಯಲ್ಲೇ ಕ್ರಿಕೆಟ್ ಕಲಿತವರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. "ಇದೇ ಊರಲ್ಲಿ," ಎಂದು ಸರ್ ಎರಡು ಸಲ ಹೇಳಿದರು. ನಮ್ಮಲ್ಲಿ ಮುಕ್ಕಾಲುಪಾಲು ಜನಕ್ಕೆ ಅದು ಗೊತ್ತಿರಲಿಲ್ಲ.

ಇಷ್ಟು ಹೊತ್ತು ನಾನು ಮೇಲೆ ನೋಡಿರಲಿಲ್ಲ.

ನಮ್ಮ ಕಾಲೇಜಿನ ಮೈದಾನ ಕಟ್ಟಡಕ್ಕಿಂತ ಕೆಳಗಿದೆ. ಇಳಿಯೋಕೆ ಹದಿನಾಲ್ಕು ಮೆಟ್ಟಿಲು, ಪಕ್ಕದಲ್ಲಿ ಹಿಡಿಕೆ ಇಲ್ಲ. ಮೊದಲ ವರ್ಷದಲ್ಲಿ ಒಬ್ಬ ಹುಡುಗ ಇದ್ದ. ಎರಡೂ ಕಾಲಿಗೆ ಕ್ಯಾಲಿಪರ್, ಎರಡು ಊರುಗೋಲು. ಮೂರು ಚಕ್ರದ ಸ್ಕೂಟರಿನಲ್ಲಿ ಕಾಲೇಜಿಗೆ ಬರುತ್ತಿದ್ದ. ಅವನು ಮೆಟ್ಟಿಲಿನ ತುದಿಯಲ್ಲಿ, ಬಿಸಿಲಿನಲ್ಲಿ, ಊರುಗೋಲಿಗೆ ಒರಗಿ ನಿಂತಿದ್ದ. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. ಕೆಳಗೆ ನಾವು ಅರುವತ್ತು ಜನ. ಮೆಟ್ಟಿಲ ಪಕ್ಕ ನಮ್ಮದೇ ಬ್ಯಾನರ್ ಕಟ್ಟಿತ್ತು, "ಎಲ್ಲರಿಗೂ ಆಟ" ಎಂದು.

ನಾನು ಓಡಿ ಮೇಲೆ ಹೋದೆ. ನಾಲ್ಕು ಜನ ಹುಡುಗರನ್ನು ಕರೆಯಲಾ, ಎತ್ತಿಕೊಂಡು ಇಳಿಸುತ್ತಾರೆ ಎಂದೆ. ಅವನು ನಕ್ಕ. "ಬೇಡ ಅಕ್ಕ. ಪರ್ವಾಗಿಲ್ಲ, ನಾನು ಇಲ್ಲಿಂದಾನೇ ನೋಡ್ತೀನಿ. ಬೇಕಾದ್ರೆ ಸ್ಕೋರ್ ಬರೀತೀನಿ."

ನನ್ನ ಗೆಳತಿ ನನ್ನ ಹಿಂದೆಯೇ ಮೆಟ್ಟಿಲು ಹತ್ತಿ ಬಂದಿದ್ದಳು. ಆ ಕೊನೆಯ ಮಾತು ಅವಳ ಕಿವಿಗೂ ಬಿತ್ತು. ಅವಳು ಅವನಿಗೆ ಏನೂ ಹೇಳಲಿಲ್ಲ. ನನ್ನ ಕಡೆ ತಿರುಗಿ, "ವಾಲಿಬಾಲ್ ಇಲ್ಲಿ ಬೇಡ. ಪ್ರಾರ್ಥನಾ ಹಾಲಿಗೆ ಹೋಗೋಣ," ಎಂದಳು. ಅವಳ ದನಿ ನಡುಗುತ್ತಿತ್ತು.

ತಪ್ಪು ನಮ್ಮದು. ಎರಡು ವಾರ ತಯಾರಿ ಮಾಡಿದ್ದೆವು. 2016ರ ಕಾಯ್ದೆಯ 30ನೇ ಕಲಂ ಕ್ರೀಡೆಗೇ ಮೀಸಲು ಎಂದು ಓದಿದ್ದೆವು, ಆಟದ ಸೌಲಭ್ಯಗಳನ್ನು ಅಂಗವಿಕಲರಿಗೆ ಒಗ್ಗುವಂತೆ ಬದಲಾಯಿಸಬೇಕು ಎಂದು ಅದರಲ್ಲಿ ಬರೆದಿದೆ. ಆದರೆ ಆ ಮೆಟ್ಟಿಲುಗಳನ್ನು ನಾವು ದಿನಕ್ಕೆ ನಾಲ್ಕು ಸಲ ಇಳಿದು ಹತ್ತಿದರೂ ಲೆಕ್ಕಕ್ಕೆ ತಗೊಂಡಿರಲಿಲ್ಲ. ನನ್ನ ಗೆಳತಿಗೂ ಹೊಳೆದಿರಲಿಲ್ಲ, ಅವಳು ಅದನ್ನು ಆಮೇಲೆ ಬಹಳ ಸಲ ಹೇಳಿಕೊಂಡು ಬೇಜಾರು ಮಾಡಿಕೊಂಡಳು. ಒಂದು ಕಾಲಿನ ಕಷ್ಟ ಗೊತ್ತಿದ್ದ ಮಾತ್ರಕ್ಕೆ ಎರಡು ಊರುಗೋಲಿನ ಕಷ್ಟ ತಾನಾಗಿ ಗೊತ್ತಾಗುವುದಿಲ್ಲ. ಆ ಹುಡುಗ ನಮ್ಮ ಕಾಲೇಜಿನಲ್ಲೇ ಇದ್ದ. ಒಂದು ಮಾತು ಕೇಳಿದ್ದರೆ ಸಾಕಿತ್ತು.

ಪ್ರಾರ್ಥನಾ ಹಾಲಿನ ಬಾಗಿಲಲ್ಲಿ ಒಂದೇ ಮೆಟ್ಟಿಲು. ಅದನ್ನು ಅವನು ಊರುಗೋಲಿನಲ್ಲೇ ಹತ್ತಿದ. ಜಮಖಾನ ಮಡಚಿ ಬದಿಗಿಟ್ಟೆವು. ಎರಡು ಡೆಸ್ಕ್‌ಗಳ ನಡುವೆ ಬ್ಯಾಡ್ಮಿಂಟನ್ ನೆಟ್ ಬಿಗಿದೆವು. ಕೂತು ಆಡುವ ವಾಲಿಬಾಲ್‌ನಲ್ಲಿ ಗಂಡಸರ ನೆಟ್ 1.15 ಮೀಟರ್, ಹೆಂಗಸರದು 1.05. ನಾವು ನಡುವೆ ಎಲ್ಲೋ ಕಟ್ಟಿದೆವು. ಅಂಕಣ ಉದ್ದ 10 ಮೀಟರ್, ಅಗಲ 6 ಮೀಟರ್. ಸೀಮೆಸುಣ್ಣದಲ್ಲಿ ಗೆರೆ ಎಳೆದೆವು. ನೆದರ್ಲೆಂಡ್ಸ್‌ನಲ್ಲಿ 1950ರ ದಶಕದಲ್ಲಿ ಹುಟ್ಟಿದ ಆಟ ಇದು, 1980ರಿಂದ ಪ್ಯಾರಾಲಿಂಪಿಕ್ಸ್‌ನಲ್ಲಿದೆ. ದೊಡ್ಡ ನಿಯಮ ಒಂದೇ. ಚೆಂಡು ಮುಟ್ಟುವಾಗ ಕುಂಡೆಯಿಂದ ಭುಜದವರೆಗಿನ ಮೈಯ ಯಾವುದಾದರೂ ಒಂದು ಭಾಗ ನೆಲಕ್ಕೆ ತಾಗಿರಲೇಬೇಕು. ಏಳುವ ಹಾಗಿಲ್ಲ.

"ಎಲ್ಲರೂ ಕೂತ್ಕೊಳ್ಳಿ," ಎಂದು ಕೂಗಿ ಹೇಳಿದ್ದು ನನ್ನ ಗೆಳತಿ.

ಆಮೇಲೆ ಅವಳು ಗೋಡೆ ಪಕ್ಕ ಹೋಗಿ ಕೂತು ಕಾಲು ಬಿಚ್ಚಿದಳು. ಆ ದಿನ ಅವಳು ಚೂಡಿದಾರ ಹಾಕಿಕೊಂಡು ಬಂದಿದ್ದಳು. ಒಂದೂವರೆ ವರ್ಷ ಒಟ್ಟಿಗೆ ಓದಿದವರಲ್ಲಿ ಅರ್ಧ ಜನಕ್ಕೆ ಅವಳ ಕಾಲಿನ ವಿಷಯವೇ ಗೊತ್ತಿರಲಿಲ್ಲ. ಬೆಲ್ಟ್ ಸಡಿಲಿಸಿ, ಕಾಲನ್ನು ಎಲ್ಲರ ಚಪ್ಪಲಿಗಳ ಸಾಲಿನ ಪಕ್ಕ ಒರಗಿಸಿ ಇಟ್ಟಳು. ಹಾಲಿನಲ್ಲಿ ಒಂದು ಕ್ಷಣ ಮಾತು ನಿಂತಿತು. ಅವಳು ಎರಡೂ ಕೈ ನೆಲಕ್ಕೆ ಊರಿ, ಮೈ ಎತ್ತಿ, ಸರಸರ ಜಾರಿಕೊಂಡು ಅಂಕಣದ ನಡುವೆ ಬಂದು ಕೂತಳು. ಆ ಹುಡುಗನೂ ಊರುಗೋಲು ಬದಿಗಿಟ್ಟು ಎದುರು ತಂಡದಲ್ಲಿ ಕೂತ.

ಈ ಆಟ ಕಷ್ಟ. ನೋಡೋಕೆ ಸುಲಭ ಅನ್ನಿಸುತ್ತೆ, ಆಡಿದರೆ ಗೊತ್ತಾಗುತ್ತೆ. ಚಲಿಸೋಕೂ ಕೈಯೇ ಬೇಕು, ಚೆಂಡು ಹೊಡೆಯೋಕೂ ಕೈಯೇ ಬೇಕು. ಕೈ ನೆಲದಿಂದ ಎತ್ತಿದರೆ ಜಾಗ ಬದಲಾಯಿಸೋಕೆ ಆಗಲ್ಲ, ಊರಿದರೆ ಚೆಂಡು ತಪ್ಪುತ್ತೆ. ನೆಟ್ ಕೆಳಗಿರುವುದರಿಂದ ಚೆಂಡು ಬಹಳ ಬೇಗ ಬರುತ್ತೆ. ಇಲ್ಲಿ ಎದುರಾಳಿಯ ಸರ್ವ್ ಅನ್ನೂ ನೆಟ್‌ನಲ್ಲೇ ತಡೆಯಬಹುದು, ನಿಂತು ಆಡುವ ವಾಲಿಬಾಲ್‌ನಲ್ಲಿ ಅದಕ್ಕೆ ಅವಕಾಶ ಇಲ್ಲ. ನಮ್ಮ ಎರಡು ಕಾಲುಗಳು ಎಲ್ಲಿಡಬೇಕೋ ತಿಳಿಯದೆ ಅಡ್ಡ ಬರುತ್ತಿದ್ದವು. ಹತ್ತು ನಿಮಿಷಕ್ಕೆ ನನ್ನ ಭುಜ ಉರಿಯತೊಡಗಿತು.

ಅವರಿಬ್ಬರಿಗೆ ಅದು ಯಾವುದೂ ಇರಲಿಲ್ಲ. ಇಪ್ಪತ್ತು ವರ್ಷ ಊರುಗೋಲಿನ ಮೇಲೆ ಮೈ ಹೊತ್ತ ತೋಳು ಅವನದು. ಅವನು ಸ್ಮ್ಯಾಷ್ ಹೊಡೆದರೆ ನಮ್ಮ ಕಡೆ ಯಾರೂ ತಡೆಯಲಾಗಲಿಲ್ಲ, ನನ್ನ ಗೆಳತಿಯನ್ನು ಬಿಟ್ಟರೆ. ಅವಳಿಗೆ ಚೆಂಡು ಎಲ್ಲಿ ಬೀಳುತ್ತೆ ಎಂದು ಮೊದಲೇ ಗೊತ್ತಾಗುತ್ತಿತ್ತು. ಐದು ವರ್ಷ ಬೆಂಚಿನ ಮೇಲೆ ಕೂತು ಆಟ ನೋಡಿದ ಕಣ್ಣು ಅದು. ಮೊದಲ ಸೆಟ್ ಅವರು ಗೆದ್ದರು. ಎರಡನೆಯದು ನಾವು. ಮೂರನೆಯದಕ್ಕೆ ಊಟದ ಬೆಲ್ ಹೊಡೆದರೂ ಯಾರೂ ಏಳಲಿಲ್ಲ. ಬ್ಯಾಂಕಿನ ಸರ್ ಗೋಡೆಗೆ ಒರಗಿ ಕೂತು, ಪಕ್ಕದವರಿಂದ ಒಂದೊಂದೇ ಪಾಯಿಂಟ್ ಕೇಳಿ ತಿಳಿದುಕೊಂಡು, ಗಟ್ಟಿಯಾಗಿ ಕಾಮೆಂಟರಿ ಹೇಳುತ್ತಿದ್ದರು.

ಮೂರನೇ ಸೆಟ್‌ನಲ್ಲಿ ಸೋತೆವು. ಸೋತಿದ್ದಕ್ಕೆ ಅವಳು ನೆಲಕ್ಕೆ ಕೈ ಬಡಿದು, "ಛೇ, ಆ ಕೊನೇ ಚೆಂಡು ಬಿಟ್ಟುಬಿಟ್ಟೆ," ಎಂದು ಬಹಳ ಹೊತ್ತು ಗೊಣಗಿದಳು. ಅವಳು ಹಾಗೆ ಗೊಣಗಿದ್ದು ನನಗೆ ಎಷ್ಟು ಸಂತೋಷ ಕೊಟ್ಟಿತು ಎಂದು ಹೇಳಲಾರೆ. ಸ್ಕೋರ್ ಬರೆಯುವವರಿಗೆ ಸೋಲೂ ಸಿಗುವುದಿಲ್ಲ.

ಓಟಕ್ಕೆ ಹೊತ್ತೇ ಉಳಿಯಲಿಲ್ಲ. ಅದರ ಒಂದು ನಿಯಮ ಮಾತ್ರ ಊಟ ಮಾಡುತ್ತಾ ಎಲ್ಲರಿಗೂ ಹೇಳಿದೆ. ಪೂರ್ತಿ ಕಾಣದ ಓಟಗಾರರು ಗೈಡ್ ಜೊತೆ ಓಡುತ್ತಾರೆ, ಇಬ್ಬರ ಕೈ ನಡುವೆ ಒಂದು ಗಿಡ್ಡ ದಾರ. ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ಹಾಗೆ ಓಡಿಯೇ 2018ರ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ 1500 ಮೀಟರ್ ಚಿನ್ನ ಗೆದ್ದವರು. ಗೈಡ್ ಎಳೆಯುವ ಹಾಗಿಲ್ಲ, ದೂಡುವ ಹಾಗಿಲ್ಲ. ಮುಕ್ತಾಯದ ಗೆರೆಯನ್ನು ಓಟಗಾರರಿಗಿಂತ ಮೊದಲು ದಾಟುವ ಹಾಗಿಲ್ಲ. ದಾಟಿದರೆ ಆ ಓಟ ಲೆಕ್ಕಕ್ಕಿಲ್ಲ. ನಾಳೆ ಮೇಷ್ಟ್ರಾಗುವ ನಾವು ಅರುವತ್ತು ಜನ ಆ ನಿಯಮವನ್ನು ಅನ್ನ ಕಲಸುತ್ತಾ ಕೇಳಿದೆವು.

ಕೊನೆಗೆ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು ಅನ್ನಿಸಿದ್ದು ಬರೆಯಿರಿ ಎಂದೆವು. "ತುಂಬಾ ಸ್ಫೂರ್ತಿ ಸಿಕ್ಕಿತು" ಎಂದು ಬಹಳ ಜನ ಬರೆದಿದ್ದರು. ಆ ಮಾತು ನನ್ನ ಗೆಳತಿಗೆ ಅಷ್ಟು ಹಿಡಿಸಲಿಲ್ಲ, ನಾನೂ ಅವಳ ಪಕ್ಷ. ನಾವು ಸ್ಫೂರ್ತಿ ಕೊಡೋಕೆ ಆಡಿರಲಿಲ್ಲ. ಆದರೆ ಒಂದು ಚೀಟಿಯನ್ನು ಅವಳು ತನ್ನ ನೋಟ್‌ಬುಕ್ಕಿನಲ್ಲಿ ಇಟ್ಟುಕೊಂಡಿದ್ದಾಳೆ. ಹೆಸರು ಬರೆದಿಲ್ಲ. "ಪಾಠ ಹೇಳುವ ಅಭ್ಯಾಸಕ್ಕೆ ನಾನು ಹೋದ ಶಾಲೆಯಲ್ಲಿ ಒಬ್ಬ ಹುಡುಗ ಆಟದ ಪೀರಿಯಡ್‌ನಲ್ಲಿ ಒಬ್ಬನೇ ಕ್ಲಾಸಿನಲ್ಲಿ ಕೂರುತ್ತಿದ್ದ. ಎಲ್ಲರ ಬ್ಯಾಗ್ ಕಾಯುತ್ತಿದ್ದ. ಅವನ ಹೆಸರು ನಾನು ಕೇಳಲಿಲ್ಲ."

ಆ ಸಂಜೆ ಬಸ್‌ಸ್ಟ್ಯಾಂಡಿಗೆ ನಡೆಯುತ್ತಾ ಅವಳು ಇನ್ನೊಂದು ಮಾತು ಹೇಳಿದಳು. ಇದು ನನಗೆ ಈಗಲೂ ದಿನಾ ನೆನಪಾಗುತ್ತೆ.

"ಶಾಲೇಲಿ ಆಡಿಲ್ಲ ಅಷ್ಟೇ ಕಣೆ. ನಮ್ಮ ಬೀದೀಲಿ ಆಡ್ತಿದ್ದೆ. ಕುಂಟೆಬಿಲ್ಲೆ."

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವಳು ನಿಂತು ನಕ್ಕಳು. "ಕುಂಟೆಬಿಲ್ಲೆಗೆ ಎಷ್ಟು ಕಾಲು ಬೇಕು ಹೇಳು?"

ಒಂದೇ. ಎಲ್ಲರೂ ಒಂದು ಕಾಲು ಮಡಚಿಕೊಂಡೇ ಆಡುವ ಆಟ. ಅವಳು ಮನೆಗೆ ಬಂದು ಕೃತಕ ಕಾಲು ಬಿಚ್ಚಿಟ್ಟು, ಲಂಗ ಎತ್ತಿ ಸಿಕ್ಕಿಸಿಕೊಂಡು, ಬೀದಿಗೆ ಹೋಗುತ್ತಿದ್ದಳಂತೆ. ಬೇರೆ ಮಕ್ಕಳು ನಾಲ್ಕು ಮನೆ ದಾಟುವಷ್ಟರಲ್ಲಿ ಓಲಾಡಿ ಎರಡನೇ ಕಾಲು ಊರುತ್ತಿದ್ದವು. ಅವಳಿಗೆ ಆ ಸಮತೋಲನ ದಿನದ ಅಭ್ಯಾಸ. ಬೀದಿಯಲ್ಲಿ ಅವಳನ್ನು ಸೋಲಿಸುವವರು ಇರಲಿಲ್ಲವಂತೆ. ಎರಡೂ ಕಾಲು ಊರಿ ನಿಲ್ಲಬಹುದಾದ ಮನೆ ಬಂದಾಗ ಏನು ಮಾಡುತ್ತಿದ್ದೆ ಎಂದು ಕೇಳಿದೆ. "ಪಕ್ಕದ ಮನೆ ಹುಡುಗಿ ಬಂದು ಹೆಗಲು ಕೊಡ್ತಿದ್ಲು. ಅದು ನಮ್ಮ ಬೀದಿ ರೂಲ್ಸು." ಆ ಮಕ್ಕಳಿಗೆ ಯಾರೂ ಸಮನ್ವಯ ಶಿಕ್ಷಣ ಹೇಳಿಕೊಟ್ಟಿರಲಿಲ್ಲ. ಅವರಿಗೆ ಅವಳು ಆಟಕ್ಕೆ ಬೇಕಿತ್ತು, ಅದಕ್ಕೆ ರೂಲ್ಸ್ ಮಾಡಿಕೊಂಡರು.

ಈಗ ನಾನು ಒಂದು ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ. ಅವಳು ಬೇರೆ ತಾಲ್ಲೂಕಿನಲ್ಲಿ ಪಾಠ ಮಾಡುತ್ತಾಳೆ, ಭಾನುವಾರ ಫೋನ್ ಮಾಡುತ್ತಾಳೆ. 2025ರ ನವೆಂಬರ್‌ನಲ್ಲಿ ಅಂಧ ಮಹಿಳೆಯರ ಮೊದಲ ಟಿ20 ವಿಶ್ವಕಪ್ ಭಾರತ ಗೆದ್ದಾಗ, ಕೊಲಂಬೊದ ಫೈನಲ್ ಮುಗಿದ ಅರ್ಧ ಗಂಟೆಗೆ ಅವಳ ಫೋನ್ ಬಂತು. ನಾಯಕಿ ದೀಪಿಕಾ ಟಿ.ಸಿ. ಕರ್ನಾಟಕದ ಪರ ಆಡುವವರು. "ನಾಳೆ ಪ್ರಾರ್ಥನೇಲಿ ಓದ್ತೀಯಾ?" ಎಂದು ಕೇಳಿದಳು. ಓದ್ತೀನಿ ಎಂದೆ. "ಮಧ್ಯಾಹ್ನ ಪಿ.ಟಿ. ಇದ್ಯಾ?" ಎಂದಳು.

ಇತ್ತು. ಎಂಟನೇ ಕ್ಲಾಸಿಗೆ. ಆ ಕ್ಲಾಸಿನಲ್ಲಿ ಒಬ್ಬ ಹುಡುಗನಿಗೆ ಬಲಗೈ ಮತ್ತು ಬಲಗಾಲು ಅಷ್ಟಾಗಿ ಸ್ವಾಧೀನದಲ್ಲಿಲ್ಲ. ನಿಧಾನ ನಡೆಯುತ್ತಾನೆ, ಎಡಗೈಯಲ್ಲಿ ಚೆಂದ ಬರೆಯುತ್ತಾನೆ. ಮರುದಿನ ಮಧ್ಯಾಹ್ನ ಮೈದಾನಕ್ಕೆ ಹೋದೆ. ಹುಡುಗರು ಥ್ರೋಬಾಲ್ ಆಡುತ್ತಿದ್ದರು. ಅವನು ಕಟ್ಟೆ ಮೇಲೆ ಕೂತಿದ್ದ. "ಅವನು ಸ್ಕೋರ್ ಬರೀತಾನೆ ಮೇಡಂ, ಲೆಕ್ಕದಲ್ಲಿ ಬಹಳ ಚುರುಕು," ಎಂದರು ಪಿ.ಟಿ. ಸರ್. ಒಳ್ಳೆಯವರು, ಮಕ್ಕಳ ಮೇಲೆ ಅಕ್ಕರೆ ಇರುವವರು.

ನಾನು ಹೋಗಿ ಅವನ ಪಕ್ಕ ಕೂತೆ. ನಿನಗೆ ಏನು ಆಡಬೇಕು ಅನ್ನಿಸುತ್ತೆ ಎಂದು ಕೇಳಿದೆ. ಅವನು ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಪೆನ್ನಿನಿಂದ ನೆಟ್ ಕಡೆ ತೋರಿಸಿದ.

"ಒಂದು ಕೈಯಲ್ಲಿ ಹಿಡಿಯೋಕೆ ಆಗುತ್ತಾ?"

"ಎದೆಗೆ ಒತ್ತಿ ಹಿಡೀತೀನಿ ಮಿಸ್. ಮನೇಲಿ ತಮ್ಮನ ಜೊತೆ ಹಾಗೇ ಆಡ್ತೀನಿ. ಇಲ್ಲಿ ಹಾಗೆ ಹಿಡಿದ್ರೆ ಫೌಲ್ ಅಂತಾರೆ."

ಪಿ.ಟಿ. ಸರ್ ಹತ್ತಿರ ಹೋಗಿ ಇಬ್ಬರೂ ಬಹಳ ಹೊತ್ತು ಮಾತಾಡಿದೆವು. ಎದೆಗೆ ಒತ್ತಿ ಹಿಡಿಯುವುದು ಅವನಿಗೊಬ್ಬನಿಗೋ, ಎಲ್ಲರಿಗೋ? ಹಿಡಿದ ಚೆಂಡನ್ನು ಮೂರು ಸೆಕೆಂಡಿನೊಳಗೆ ಎಸೆಯಬೇಕು ಎನ್ನುವ ಲೆಕ್ಕ ಏನು ಮಾಡೋದು? ಸರ್ ಹುಡುಗರನ್ನೆಲ್ಲ ಕರೆದು ಕೂರಿಸಿ ಅವರನ್ನೇ ಕೇಳಿದರು. ಎಲ್ಲರೂ ಒಟ್ಟಿಗೆ ಮಾತಾಡಿದರು. ಒಬ್ಬ, ನೆಟ್ ಒಂದು ಮೊಳ ಇಳಿಸೋಣ ಎಂದ. ಇನ್ನೊಬ್ಬ, ಅವನು ಮುಂದಿನ ಸಾಲಲ್ಲಿ ಇರಲಿ, ಓಡೋದು ಕಡಿಮೆ ಎಂದ. "ಬೇಡ, ನಾನು ಹಿಂದೆ ಇರ್ತೀನಿ," ಎಂದು ಅವನೇ ಹೇಳಿದ. ಅವನ ದನಿ ನಾನು ಅಷ್ಟು ಗಟ್ಟಿಯಾಗಿ ಕೇಳಿದ್ದು ಮೊದಲ ಸಲ.

ಅಷ್ಟರಲ್ಲಿ ಬೆಲ್ ಹೊಡೆಯಿತು. ಗುರುವಾರ ಮತ್ತೆ ಪೀರಿಯಡ್ ಇತ್ತು. ಸ್ಕೋರ್ ಯಾರು ಬರೀತಾರೆ ಎಂದು ಒಬ್ಬ ಕೇಳಿದ. ಸ್ವಲ್ಪ ಗದ್ದಲ ಆಯಿತು. ಕೊನೆಗೆ ಹಾಜರಿ ಪುಸ್ತಕದ ಕ್ರಮದಲ್ಲಿ ಎಲ್ಲರೂ ಒಂದೊಂದು ದಿನ ಬರೆಯಬೇಕು ಎಂದಾಯಿತು. ಅವನ ಸರದಿ ಇಪ್ಪತ್ಮೂರನೆಯದು.